ಎರಡು ಶಿರ, ಒಂದೇ ಒಡಲು

ಗಂಡಭೇರುಂಡವನ್ನು ಕಣ್ಣಾರೆ ಕಂಡವರಿಲ್ಲ. ಆದರೂ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಚಾಮುಂಡರಾಯರಸನು ಕ್ರಿ.ಶ. 1047ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಅದು ಉಸಿರಾಡುವಂತೆ ನಿಂತಿದೆ. ಶಿಲ್ಪಿಯು ಅದಕ್ಕೆ ಮನುಷ್ಯನ ಮೈಯನ್ನಿತ್ತು, ಹಕ್ಕಿಯ ಎರಡು ತಲೆಗಳನ್ನಿರಿಸಿದನು. ಲೋಕದಲ್ಲಿಲ್ಲದ ಜೀವಿಯು ಲೋಕದಲ್ಲಿರುವ ಅಂಗಗಳಿಂದಲೇ ಮೈದಳೆಯಿತು. ಮೈಸೂರು ಅರಸರ ಲಾಂಛನವಾಗಿದ್ದ ಈ ಪಕ್ಷಿಯೇ ಇಂದು ಕರ್ನಾಟಕ ರಾಜ್ಯದ ಲಾಂಛನದಲ್ಲಿಯೂ ಇದೆ.

ಎರಡು ತಲೆಯಿದ್ದರೆ ಬಲವೂ ಇಮ್ಮಡಿಯೆಂದು ತಿಳಿಯಬಾರದು. ಪಂಚತಂತ್ರದ ಭಾರುಂಡ ಪಕ್ಷಿಗೂ ಎರಡು ತಲೆ, ಒಂದೇ ಹೊಟ್ಟೆ. ಒಂದು ಬಾಯಿಗೆ ಅಮೃತಸಮಾನವಾದ ಫಲ ದೊರೆಯಿತು. ಅದು ಇನ್ನೊಂದಕ್ಕೆ ಕೊಡಲಿಲ್ಲ. ಆ ಸಿಟ್ಟಿಗೆ ಇನ್ನೊಂದು ಬಾಯಿ ವಿಷಫಲವನ್ನು ತಿಂದಿತು. ಸತ್ತದ್ದು ಒಂದು ತಲೆಯಲ್ಲ, ಇಡೀ ಹಕ್ಕಿ.

ಕೃಷ್ಣೆಯ ಸೀಮೆಯ ಮಕ್ತಲ್, ನಾರಾಯಣಪೇಟೆ, ಗದ್ವಾಲಗಳು ರಾಯಚೂರಿನೊಡನೆ 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದವು. ಆ ವರ್ಷ ರಾಯಚೂರು ಮೈಸೂರು ರಾಜ್ಯಕ್ಕೂ ಇವು ಆಂಧ್ರಪ್ರದೇಶಕ್ಕೂ ಸೇರಿದವು. 2014ರಲ್ಲಿ ತೆಲಂಗಾಣಕ್ಕೆ ಬಂದವು. ಗೆರೆಗಳು ಬದಲಾದರೂ ಗರ್ಭಗುಡಿಯ ಮುಂದೆ ಒಬ್ಬನು ಕನ್ನಡದಲ್ಲಿ, ಮತ್ತೊಬ್ಬನು ತೆಲುಗಿನಲ್ಲಿ ಬೇಡಿಕೊಳ್ಳುವನು. ಇಬ್ಬರ ಅಂಗೈಗೂ ಬೀಳುವ ತೀರ್ಥ ಒಂದೇ ಉದ್ಧರಣೆಯದು.

ಜೀರ್ಣೋದ್ಧಾರದಲ್ಲಿ ಗೋಡೆಯ ಬಿರುಕನ್ನು ಗಾರೆಯಿಂದ ಮುಚ್ಚಬಹುದು. ಫಲಕದಲ್ಲಿ ಯಾವ ಭಾಷೆ ಮೊದಲು, ಯಾರ ಹೆಸರು ಮೇಲೆ ಎಂಬ ಕಲಹದಿಂದ ಮನಸ್ಸು ಬಿರಿದರೆ ಅದಕ್ಕೆ ಗಾರೆಯಿಲ್ಲ. ಒಂದು ಬಾಯಿಯ ಸವಿಯು ಇನ್ನೊಂದಕ್ಕೂ ಸಲ್ಲಲಿ. ಒಡಲು ಉಳಿಯುವುದು ಅದರಿಂದಲೇ.