ಮದಲಗಿತ್ತಿಯ ಮುಸುಕು

ಬಿಳಿಯ ಮುಸುಕಿಲ್ಲದೆ ಮದಲಗಿತ್ತಿಯು ದೇವಾಲಯವನ್ನು ಪ್ರವೇಶಿಸಬಹುದೋ? ನಮ್ಮ ಸಭೆಗಳಲ್ಲಿ ಇದಕ್ಕಾಗಿ ಸಾಲಮಾಡುವ ತಂದೆಯರುಂಟು. ಆದುದರಿಂದ ಇದನ್ನು ಅಲ್ಪ ವಿಷಯವೆಂದು ನಾವು ಎಣಿಸಲಾರೆವು.

ರೆಬೆಕ್ಕಳು ಇಸಾಕನನ್ನು ಕಂಡು ಒಂಟೆಯಿಂದಿಳಿದು ಮುಸುಕು ಹಾಕಿಕೊಂಡಳೆಂದು ಆದಿಕಾಂಡದ 24ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅದು ಬಿಳಿದೋ ಕರಿದೋ, ಅಲ್ಲಿ ಹೇಳಿಲ್ಲ. ಈಗಿನ ಬಿಳಿಯ ಉಡುಪು, ಜಾಲರಿಯ ಮುಸುಕುಗಳ ರೂಢಿಯಾದರೋ 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿಯ ವಿವಾಹವಾದ ಮೇಲೆಯೇ ಹೆಚ್ಚಾಗಿ ಹಬ್ಬಿತು. ಯಂತ್ರದ ಜಾಲರಿಯಿಂದ ಕೆಲಸ ಕುಂದಿದ್ದ ಡೆವನ್ ಸೀಮೆಯ ಹೆಂಗಸರು ಆಕೆಯ ಜಾಲರಿಯನ್ನು ಕೈಯಿಂದಲೇ ಹೆಣೆದರು. ತಲೆಯ ಮೇಲೆ ಕಿರೀಟವಲ್ಲ, ಕಿತ್ತಳೆ ಹೂವಿನ ದಂಡೆ. ರಾಣಿಯೇ ಸ್ವದೇಶದ ಕೈಗೆಲಸಕ್ಕೆ ಮಾನಕೊಟ್ಟಿರಲು, ಆಕೆಯ ಮಾದರಿಯೆಂದು ನಮ್ಮ ಮಗ್ಗದ ಬಟ್ಟೆಯನ್ನು ತಳ್ಳಿಬಿಡುವುದು ವಿಚಿತ್ರವಲ್ಲವೇ!

ಮುಸುಕು ಪಾಪವೆಂದು ನಾವು ಹೇಳುವುದಿಲ್ಲ. ಉಳ್ಳವರು ಧರಿಸಲಿ, ಇಲ್ಲದವರು ಅಕ್ಕನದನ್ನೋ ನೆರೆಯವಳದನ್ನೋ ಕೇಳಿ ತೊಡಲಿ. ಅದೂ ಇಲ್ಲವಾದರೆ ಸೀರೆಯ ಸೆರಗೂ ಮಲ್ಲಿಗೆಯ ದಂಡೆಯೂ ಸಾಕು. ಅವಳು ಮಾಡುವ ಪ್ರಮಾಣಕ್ಕೆ ಅದರಿಂದ ಕೊರತೆಯಿಲ್ಲ. ಆದರೆ ಅವಳನ್ನು ಕಂಡು ಹಿಂದಿನ ಸಾಲಿನಲ್ಲಿ ಪಿಸುಗುಟ್ಟುವವರನ್ನು ನಾವು ಒಂದು ಮಾತು ಕೇಳುತ್ತೇವೆ: ನಿಮ್ಮ ನಾಲಿಗೆಗೆ ಹೆದರಿ ಅವಳ ತಂದೆ ಮಾಡುವ ಸಾಲವನ್ನು ನೀವು ತೀರಿಸುವಿರೋ?