ಕೀಲು ಮತ್ತು ಹೊಣೆ

ತನ್ನ ವಸ್ತುವಿನ ವಿಷಯದಲ್ಲಿ ಎಷ್ಟು ಅಪಾಯವನ್ನು ಸಹಿಸಬಹುದೆಂಬುದು ಅವರವರ ನಿರ್ಧಾರ. ಆದರೆ ಆ ವಸ್ತುವನ್ನು ನಂಬಿ ಇನ್ನೊಬ್ಬರು ಪ್ರಾಣವನ್ನು ಒಪ್ಪಿಸಿದಾಗ ನಿರ್ಧಾರ ಯಾರದು? ಈ ಪ್ರಶ್ನೆ ಧರ್ಮಗ್ರಂಥಗಳಲ್ಲಿ ಮಾತ್ರ ಹುಟ್ಟುವುದಲ್ಲ. ನಮ್ಮ ತಾಳವಾಡಿಯ ಗುಡ್ಡಗಳಲ್ಲಿ ಅದು ಹಳೆಯ ಪಿಕಪ್ ಗಾಡಿಯ ಕೆಳಗೆ, ಗ್ರೀಸಿನ ಮಸಿಯ ನಡುವೆಯೂ ಹುಟ್ಟುತ್ತದೆ.

ನಾಲ್ಕು ಚಕ್ರಕ್ಕೂ ಎಳೆತವಿರುವ ಜೀಪು ಮಾದರಿಯ ಹಳೆಯ ಪಿಕಪ್ಪುಗಳು ನಮ್ಮಲ್ಲಿ ಇನ್ನೂ ಕೆಲವು ಉಳಿದಿವೆ. ಮಳೆಗಾಲದಲ್ಲಿ ಕಾಡಂಚಿನ ಹೊಲದಿಂದ ಎಲೆಕೋಸನ್ನೂ ಆಲೂಗಡ್ಡೆಯನ್ನೂ ರಸ್ತೆಗೆ ತಂದುಹಾಕಲು ಅವು ಬೇಕೇ ಬೇಕು. ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಆಕ್ಸಲ್ಲಿಗೊಂದು, ಮುಂದಿನದಕ್ಕೊಂದು ಶಾಫ್ಟು ಒಯ್ಯುತ್ತದೆ. ಸ್ಪ್ರಿಂಗು ಕುಣಿದಂತೆಲ್ಲ ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಪ್ರತಿ ಶಾಫ್ಟಿನ ಎರಡು ತುದಿಗೂ ಒಂದೊಂದು ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ವರ್ಕ್‌ಶಾಪಿನವರ ಬಾಯಲ್ಲಿ ಅದು ಕ್ರಾಸ್. ಕೂಡುವ ಗುರುತಿನ ಆಕಾರದ ಉಕ್ಕಿನ ತುಂಡು, ನಾಲ್ಕು ತುದಿಗೆ ನಾಲ್ಕು ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಬೇರಿಂಗುಗಳು. ಅದನ್ನು ಹಿಡಿದಿರುವ ಕವಲಿಗೆ ಇಂಗ್ಲಿಷಿನಲ್ಲಿ ಯೋಕ್ ಎಂದು ಹೆಸರು. ಯೋಕ್ ಎಂದರೆ ನೊಗ! ಎತ್ತು ಕಟ್ಟಿ ಬೆಳೆದ ನಮಗೆ ಆ ಹೆಸರು ಹಿಡಿಸಿತು.

ಇದರೊಂದಿಗೆ 16ನೆಯ ಶತಮಾನದ ಇಟಲಿಯ ಕಾರ್ಡಾನೋ ಎಂಬಾತನ ಹೆಸರು ಸೇರಿಕೊಂಡಿದೆ. 1676ರಲ್ಲಿ ಇದನ್ನು ವಿವರಿಸಿ ಬರೆದವನು ರಾಬರ್ಟ್ ಹುಕ್. ಶಾಲೆಯಲ್ಲಿ ಸ್ಪ್ರಿಂಗಿನ ನಿಯಮ ಹೇಳುವಾಗ ಬರುವ ಹುಕ್ ಈತನೇ. ಒಂಟಿ ಕ್ರಾಸು ಸಮವೇಗದಲ್ಲಿ ತಿರುಗಿಸಲಾರದು. ಶಾಫ್ಟುಗಳ ನಡುವೆ 30 ಡಿಗ್ರಿ ಕೋನವಿದ್ದರೆ, ಒಂದು ಸುತ್ತಿನಲ್ಲಿ ಎರಡು ಸಲ ಆಚೆಯ ಶಾಫ್ಟಿನ ವೇಗ ಶೇಕಡಾ 13ರಷ್ಟು ತಗ್ಗಿ, ಶೇಕಡಾ 15ರಷ್ಟು ಏರುತ್ತದೆ. ಇನ್ನೊಂದು ತುದಿಯ ಕ್ರಾಸು, ಕೋನಗಳು ಸಮನಾಗಿದ್ದು ನೊಗಗಳು ಒಂದೇ ನೇರದಲ್ಲಿ ಕೂತಿದ್ದರೆ, ಆ ಏರುಪೇರನ್ನು ಸರಿದೂಗಿಸುತ್ತದೆ. ಆದುದರಿಂದಲೇ ಬಲ್ಲ ಮೇಸ್ತ್ರಿ ಶಾಫ್ಟು ಬಿಚ್ಚುವ ಮೊದಲು ಸುಣ್ಣದಲ್ಲೋ ಉಳಿಯಲ್ಲೋ ಗುರುತು ಹಾಕುತ್ತಾನೆ.

ಸವೆತದ ಲಕ್ಷಣಗಳು ಗುಟ್ಟಾದುವಲ್ಲ. ಗೇರು ಹಾಕಿ ಕ್ಲಚ್ಚು ಬಿಟ್ಟಾಗ ಟಕ್ ಎಂಬ ಸದ್ದು, ಓಟದಲ್ಲಿ ನಡುಕ, ಬಟ್ಟಲಿನ ಅಂಚಿನಲ್ಲಿ ಕಾವಿಯಂಥ ತುಕ್ಕಿನ ಪುಡಿ. ಸದ್ದು ಮಾಡಿದ ಒಂದನ್ನು ಮಾತ್ರ ಬದಲಿಸುವುದು ನಮ್ಮ ಕಡೆಯ ರೂಢಿ. “ಇದೊಂದು ಹಾಕಿ ಮೇಸ್ತ್ರಿ, ಉಳಿದದ್ದು ಕೋಸಿನ ದುಡ್ಡು ಬಂದ ಮೇಲೆ ನೋಡೋಣ” ಎನ್ನುತ್ತಾರೆ ಯಜಮಾನರು. ಕೋಸಿನ ಬೆಲೆ ಬಿದ್ದ ವರ್ಷ ಆ ಮಾತನ್ನು ಲೋಭವೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಆದರೂ ಗಾಡಿ ಹೋಗುವ ದಾರಿಯನ್ನು ನೆನೆಯಬೇಕು. 1956ರಲ್ಲಿ ಕೊಳ್ಳೇಗಾಲ ಮೈಸೂರು ಸೀಮೆಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಬಿಡಿಭಾಗಕ್ಕೆ ಚಾಮರಾಜನಗರಕ್ಕೆ ಓಡಿದರೂ ಸತ್ಯಮಂಗಲಕ್ಕೆ ನಾವು ದಿಂಬಂ ಘಟ್ಟವನ್ನೇ ಇಳಿಯಬೇಕು. ಅಲ್ಲಿ 27 ತಿರುವುಗಳಿವೆ. ಭಾರ ತುಂಬಿದ ಗಾಡಿ ಅಲ್ಲಿ ಕೆಳಗೇರಿನಲ್ಲಿ, ಎಂಜಿನ್ನಿನ ತಡೆಯನ್ನೇ ನಂಬಿ ಇಳಿಯುತ್ತದೆ. ಆ ತಡೆ ಚಕ್ರವನ್ನು ಮುಟ್ಟುವುದು ಇದೇ ಕ್ರಾಸಿನ ಮೂಲಕ. ಹಳೆಯ ಜೀಪು ಮಾದರಿಯ ಅನೇಕ ಗಾಡಿಗಳಲ್ಲಿ ಕೈಬ್ರೇಕು ಕೂಡ ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದ್ದು ಹಿಂದಿನ ಶಾಫ್ಟನ್ನೇ ಹಿಡಿಯುತ್ತದೆ. ಮುಂದಿನ ಎಳೆತ ಹಾಕದೆ ಇಳಿಯುವಾಗ ಹಿಂದಿನ ಕ್ರಾಸು ಮುರಿದರೆ ಎಂಜಿನ್ನಿನ ತಡೆಯೂ ಕೈಬ್ರೇಕೂ ಒಟ್ಟಿಗೇ ಹೋಗುತ್ತವೆ. ಉಳಿಯುವುದು ಕಾಲಿನ ಬ್ರೇಕು, ಅದೂ ಅಷ್ಟು ಹೊತ್ತಿಗೆ ಕಾದಿರುತ್ತದೆ. ಹಿಂದೆ ಮೂಟೆಗಳ ಮೇಲೆ ಕುಳಿತವರು ಕೂಲಿಯವರು. ಸರಕು ಗಾಡಿಯಲ್ಲಿ ಜನರನ್ನು ಹೊರುವುದು ಕಾನೂನಿಗೆ ವಿರುದ್ಧವೆಂದು ಎಲ್ಲರೂ ಬಲ್ಲರು, ಎಲ್ಲರೂ ಹತ್ತುತ್ತಾರೆ.

ಮೇಸ್ತ್ರಿ ಹೇಳುವುದನ್ನು ಹೇಳಿದ, ಯಜಮಾನರು ಕೇಳಿಯೂ ಬೇಡವೆಂದರು, ಅಲ್ಲಿಗೆ ಅವನ ಹೊಣೆ ತೀರಿತೆಂಬ ವಾದವುಂಟು. ಯಜಮಾನರೊಬ್ಬರೇ ಗಾಡಿಯಲ್ಲಿ ಹೋಗುವುದಾದರೆ ನಾವೂ ಒಪ್ಪುತ್ತಿದ್ದೆವು. ಕೂಲಿಯವರನ್ನು ಕೇಳಿದರೆ ಅವರೂ ಒಪ್ಪುತ್ತಾರಲ್ಲ ಎನ್ನಬಹುದು. ದಿನದ ಕೂಲಿ ತಪ್ಪಿಸಿಕೊಳ್ಳಲಾರದವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಲೆಕ್ಕ ಹಿಡಿಯುವುದು ಹೇಗೆ? ಕ್ರಾಸನ್ನು ಕೈಯಲ್ಲಿ ಆಡಿಸಿ ನೋಡಿದವನು ಮೇಸ್ತ್ರಿಯೊಬ್ಬನೇ. ಅರಿತವನ ಋಣ, ದುಡ್ಡು ಕೊಟ್ಟವನಿಗಿಂತ ಮೊದಲು, ಅರಿಯದೆ ಕುಳಿತವನಿಗೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಸವೆದ ಕ್ರಾಸಿನ ಗಾಡಿಯನ್ನು “ಹೊಲದವರೆಗೆ ಓಡಿಸಿ, ಘಟ್ಟಕ್ಕೆ ಬೇಡ” ಎಂದು ತಡೆಯುವ ಅಧಿಕಾರ ಅವನಿಗಿದೆ. ಗಿರಾಕಿ ಮುನಿದು ಬೇರೆ ವರ್ಕ್‌ಶಾಪಿಗೆ ಹೋದರೆ ಆ ನಷ್ಟ ಅವನದೇ, ನಿಜ.

ಹಾಗೆಂದು ನಾಲ್ಕನ್ನೂ ಕಣ್ಣುಮುಚ್ಚಿ ಬದಲಿಸುವುದು ಧರ್ಮವಲ್ಲ. ಗಟ್ಟಿಯಾದುದನ್ನು ಕಿತ್ತು ಹೊಸದರ ಬಿಲ್ಲು ಬರೆಯುವವರೂ ಇದ್ದಾರೆ. ಶಾಫ್ಟನ್ನು ಇಳಿಸಿ, ಕ್ರಾಸನ್ನು ಎರಡು ದಿಕ್ಕಿಗೂ ಬಾಗಿಸಿ, ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಬೆರಳಿನಿಂದ ಅರಿತು, ಸರಿಯಾದುದಕ್ಕೆ ಗ್ರೀಸು ತುಂಬಿ ಅಲ್ಲಿಯೇ ಬಿಡುವುದೂ ಪ್ರಾಮಾಣಿಕ ಕೆಲಸವೇ. ಆ ಶೋಧನೆಗೆ ಕೂಲಿ ಕೊಡಲು ನಾವು ಕಲಿತಿಲ್ಲ; ಹೊಸ ಸಾಮಾನು ಕಣ್ಣಿಗೆ ಬಿದ್ದರೆ ಮಾತ್ರ ದುಡ್ಡು ಬಿಚ್ಚುತ್ತೇವೆ.

ಇನ್ನು ಯಜಮಾನರಲ್ಲಿ ಹಣವಿಲ್ಲವೆಂಬ ಮಾತು. ಒಂದು ಗಾಡಿಗೆ ಒಬ್ಬರೇ ಯಜಮಾನರಾದರೂ ಅದರಲ್ಲಿ ಹೋಗುವುದು ಐದಾರು ಹೊಲಗಳ ಕೋಸು. ಬಾಡಿಗೆ ಚೌಕಾಸಿ ಮಾಡುವಾಗ ನಾವೆಲ್ಲ ಆ ಗಾಡಿಯ ಪಾಲುದಾರರೇ. ಕ್ರಾಸಿನ ಖರ್ಚು ಬಂದಾಗ ಮಾತ್ರ ಅದು ಅವರೊಬ್ಬರ ಗಾಡಿಯಾಗುತ್ತದೆ. ಮೂಟೆಗಿಷ್ಟು ಎಂದು ಬಾಡಿಗೆಯ ಜೊತೆಗೆ ತೆಗೆದಿಟ್ಟರೆ, ಸುಗ್ಗಿ ಮುಗಿಯುವುದರೊಳಗೆ ಹಿಂದಿನ ಶಾಫ್ಟಿನ ಎರಡು ಕ್ರಾಸಿಗೂ ಮೇಸ್ತ್ರಿಯ ಕೂಲಿಗೂ ದಾರಿಯಾದೀತು.