ಊರಿನ ಋಣ

"ನಿಮ್ಮ ಊರು ಯಾವುದು?" ಎಂದು ಯಾರಾದರೂ ಕನ್ನಡದಲ್ಲಿ ಕೇಳಿದರೆ ನಾವು ತಿಪಟೂರು, ಬ್ಯಾಡಗಿ, ಹಾಸನ ಎನ್ನುತ್ತೇವೆಯೇ ಹೊರತು ಫ್ರೀಮಾಂಟ್ ಎನ್ನುವುದಿಲ್ಲ. ಇಪ್ಪತ್ತು ವರ್ಷ ಇಲ್ಲೇ ದುಡಿದು, ಮಕ್ಕಳನ್ನು ಬೆಳೆಸಿದ್ದರೂ ಅಷ್ಟೇ. ಇಲ್ಲಿರುವುದು ಮನೆ, ಊರು ಅಲ್ಲಿದೆ. ಹಾಗಾದರೆ ಬಾಳುವ ಊರಿಗೆ ತೆರಿಗೆಯಲ್ಲದೆ ಬೇರೇನಾದರೂ ನಮ್ಮಿಂದ ಸಲ್ಲಬೇಕೇ?

ಫ್ರೀಮಾಂಟ್ ಹೊಸ ಊರೆಂದು ನಮ್ಮಲ್ಲಿ ಹಲವರ ಭಾವನೆ. ಹೆಸರು ಹೊಸದು, ಊರು ಹಳೆಯದು. ನೈಲ್ಸ್, ಸೆಂಟರ್‌ವಿಲ್, ಅರ್ವಿಂಗ್ಟನ್, ವಾರ್ಮ್ ಸ್ಪ್ರಿಂಗ್ಸ್, ಮಿಷನ್ ಸ್ಯಾನ್ ಹೊಸೆ ಎಂಬ ಐದು ಊರುಗಳು 1956ರಲ್ಲಿ ಸೇರಿ ಒಂದು ನಗರವಾದವು. ಸ್ಪೇನಿನ ಪಾದ್ರಿಗಳು ಮಿಷನ್ನನ್ನು ಸ್ಥಾಪಿಸಿದ್ದು 1797ರಲ್ಲಿ. ಆಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದ. 1868ರ ಭೂಕಂಪದಲ್ಲಿ ಬಿದ್ದ ಅದರ ಚರ್ಚನ್ನು ಮೊದಲಿನ ಮಾದರಿಯಲ್ಲೇ ಮತ್ತೆ ಕಟ್ಟಿ ಮುಗಿಸಿದ್ದು 1985ರಲ್ಲಿ. ನೈಲ್ಸ್‌ನಲ್ಲಿ 1915ರಲ್ಲಿ ಚಾರ್ಲಿ ಚಾಪ್ಲಿನ್ ಚಿತ್ರ ತೆಗೆದ. ಇದೆಲ್ಲಕ್ಕೂ ಮೊದಲು ಸಾವಿರಾರು ವರ್ಷ ಇಲ್ಲಿ ಬಾಳಿದವರು ಓಲೋನಿ ಜನ. ಮಿಷನ್ನಿನ ಮಣ್ಣಿನ ಇಟ್ಟಿಗೆ ಹೊತ್ತವರು ಅವರು. ದಡಾರದಂಥ ಹೊಸ ರೋಗಗಳಿಗೆ ಸಾವಿರಗಟ್ಟಲೆ ಬಲಿಯಾದವರೂ ಅವರೇ. ಅವರ ವಂಶದವರು ಈಗಲೂ ಇದ್ದಾರೆ.

"ಅವರಿಗೆ ಅನ್ಯಾಯ ಮಾಡಿದವರು ನಾವಲ್ಲ. ದುಡ್ಡು ಕೊಟ್ಟು ಮನೆ ಕೊಂಡೆವು, ತೆರಿಗೆ ಕಟ್ಟುತ್ತೇವೆ, ಲೆಕ್ಕ ಚುಕ್ತಾ" ಎನ್ನಬಹುದು. ನಿಜ, ಪಾಪ ನಮ್ಮದಲ್ಲ. ಆದರೆ ಪಾಪ ಬೇರೆ, ಋಣ ಬೇರೆ. ಹುಟ್ಟಿದೂರಿನ ಕೆರೆಯನ್ನೂ ನಾವು ತೋಡಿದ್ದಲ್ಲ. ಆದರೂ ಅದರ ನೀರಿನ ಋಣವಿದೆ ಎನ್ನುತ್ತೇವೆ. ಇಲ್ಲಿ ಕುಡಿಯುವ ನೀರಿಗೆ ಆ ನ್ಯಾಯ ಏಕಿಲ್ಲ? "ನಮ್ಮ ಋಣವೆಲ್ಲ ಕರ್ನಾಟಕಕ್ಕೆ" ಎನ್ನುವವರೂ ಉಂಟು. ತವರಿನ ಋಣ ದೊಡ್ಡದೆಂದು ಸೇರಿದ ಮನೆಯ ಅನ್ನದ ಋಣ ಇಲ್ಲವಾಗುತ್ತದೆಯೇ?

ತಿಪಟೂರಿನ ಕೊಬ್ಬರಿ ಪೇಟೆಯಾಗಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಾಗಲಿ ಹೊರಗಿನವರು ಬಾರದೆ ನಡೆಯುವಂಥದ್ದಲ್ಲ. ಸಂತೆಗೆ ಬಂದವರು ಸಂಜೆ ಗಂಟು ಕಟ್ಟಿ ಹೊರಡುತ್ತಾರೆ. ಅವರಿಗೆ ಊರಿನ ಗೊಡವೆ ಬೇಕಿಲ್ಲ. ಅಲ್ಲೇ ಅಂಗಡಿ ಹಾಕಿ ಮನೆ ಮಾಡಿದವರ ಮಾತು ಬೇರೆ. ಅವರು ಜಾತ್ರೆಗೆ ವಂತಿಗೆ ಕೊಡಬೇಕು, ಊರಿನವರ ಸಾವಿಗೆ ಹೋಗಬೇಕು. ನಾವು ಯಾರು? ಮನೆ ಕೊಳ್ಳುವಾಗ, ಒಳ್ಳೆಯ ಶಾಲೆ ಹುಡುಕುವಾಗ ನಿಂತವರು. ಊರಿನ ಹೊಣೆ ಬಂದಾಗ ಮಾತ್ರ ಸಂತೆಗೆ ಬಂದವರು! ಎರಡೂ ಲಾಭ ಒಬ್ಬರಿಗೇ ಸಲ್ಲದು.

ಋಣ ತೀರಿಸಲು ದೊಡ್ಡ ತ್ಯಾಗವೇನೂ ಬೇಡ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಗೋಲ್ಡನ್ ಗೇಟ್ ತೋರಿಸುವ ನಾವು ವಾಷಿಂಗ್ಟನ್ ಬುಲೆವಾರ್ಡಿನಲ್ಲಿರುವ ಓಲೋನಿ ಜನರ ರುದ್ರಭೂಮಿಯ ಮುಂದೆಯೂ ಒಂದು ನಿಮಿಷ ನಿಲ್ಲಬಹುದು. ಹಳೆಯ ಕಟ್ಟಡವೊಂದನ್ನು ಕೆಡವುವ ವಿಚಾರ ನಗರಸಭೆಗೆ ಬಂದಾಗ ಹೋಗಿ ಕುಳಿತು ಕೇಳಬಹುದು. ಕೆಡವಬೇಕೋ ಉಳಿಸಬೇಕೋ, ನಮ್ಮ ಅಭಿಪ್ರಾಯ ಯಾವುದಾದರೂ ಆಗಲಿ, ಹೇಳಬಹುದು. ಮಕ್ಕಳಿಗೆ ತಿಪಟೂರಿನ ಕಥೆ ಹೇಳುವ ಬಾಯಲ್ಲೇ ನೈಲ್ಸ್‌ನ ಕಥೆಯನ್ನೂ ಹೇಳಬಹುದು. ನಾವು ಒಪ್ಪಲಿ ಬಿಡಲಿ, ಅವರ ಊರು ಇದೇ ತಾನೆ?